ಅಮ್ಮನ ಅರ್ಧ ಹಾಡುಗಳು

ನನ್ನ ಅಮ್ಮನಿಗೆ 57 ವರ್ಷ. ಓದಿದ್ದು ಏಳನೇ ಕ್ಲಾಸು. ಊರು ರಾಮನಾಥಪುರ. ಅರಕಲಗೂಡು ತಾಲ್ಲೂಕಿನದು, ತಮಿಳುನಾಡಿನದಲ್ಲ (ಬೆಂಗಳೂರಿನ ಆಫೀಸಿನಲ್ಲಿ ಇದನ್ನ ಪ್ರತಿ ಸಲ ಬಿಡಿಸಿ ಹೇಳಬೇಕು). ಕಾವೇರಿ ದಂಡೆ, ಸುಬ್ರಹ್ಮಣ್ಯ ಸ್ವಾಮಿ ದೇವಸ್ಥಾನ, ವಹ್ನಿ ಪುಷ್ಕರಣಿಯಲ್ಲಿ ಪುರಿ ಎಸೆದರೆ ಮೇಲೆದ್ದು ಬರೋ ದೊಡ್ಡ ದೊಡ್ಡ ಮೀನು, ತಂಬಾಕು ಮಾರುಕಟ್ಟೆ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಊರು ಗೊತ್ತಾಗುತ್ತೆ. ಆ ಊರಿನಲ್ಲಿ ಕೂತಿರೋ ನಮ್ಮಮ್ಮನಿಗೆ ಒಂದು ಕರೋಕೆ ಆ್ಯಪಿನಲ್ಲಿ 412 ಜನ ಫಾಲೋಯರ್ಸ್ ಇದ್ದಾರೆ. ಇನ್‌ಸ್ಟಾಗ್ರಾಮಿನಲ್ಲಿ ನನಗಿರೋದು 190. ಅದರಲ್ಲಿ ಅರ್ಧ ಜನ ಹಾಸನದ ಎಂಜಿನಿಯರಿಂಗ್ ಕಾಲೇಜಿನ ಕ್ಲಾಸ್‌ಮೇಟುಗಳು, ಇನ್ನರ್ಧ ಮ್ಯೂಟ್ ಮಾಡಿರೋರು.

ಅಪ್ಪ ತೀರಿಕೊಂಡು ಮೂರು ವರ್ಷವಾಯ್ತು. ಆ ವರ್ಷ ಹೊಗೆಸೊಪ್ಪು ಹಾಕೋದು ಬೇಡ ಅಂತ ನಾನು, ಹಾಕೇ ಹಾಕ್ತೀನಿ ಅಂತ ಅಮ್ಮ. ಲೈಸೆನ್ಸ್ ಇದೆ, ಬ್ಯಾರನ್ ಇದೆ, ಸುಮ್ನೆ ಕೂತು ಏನ್ ಮಾಡ್ಲಿ ಅಂದರು. ಬ್ಯಾರನ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಹಸಿ ಎಲೆಯನ್ನ ಹೆಂಗಸರು ಕೂತು ಕಡ್ಡಿಗೆ ಕಟ್ಟುತ್ತಾರೆ. ಆ ಕಡ್ಡಿಗಳನ್ನ ಎತ್ತರದ ಕೋಣೆಯೊಳಗೆ ಸಾಲು ಸಾಲಾಗಿ ತೂಗುಹಾಕಿ ಹೊರಗಿನ ಒಲೆಗೆ ಸೌದೆ ಹಾಕಬೇಕು. ಒಳಗಿನ ಕೊಳವೆಗಳಲ್ಲಿ ಬಿಸಿ ಓಡಾಡುತ್ತೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ ನಡುವಿನ ನಾರು. ಹಂತ ಹಂತವಾಗಿ ಶಾಖ ಏರಿಸಬೇಕು. ಐದಾರು ದಿನ, ಹಗಲು ರಾತ್ರಿ ಯಾರಾದರೂ ಒಲೆ ಹತ್ತಿರ ಎದ್ದಿರಲೇಬೇಕು. ಶಾಖ ಒಂದೇ ಸಮ ಏರಿದರೆ ಎಲೆ ಬಣ್ಣ ಕೆಟ್ಟು ಹರಾಜಿನಲ್ಲಿ ಕೇಳೋರಿಲ್ಲ.

ರಾತ್ರಿ ಪಾಳಿ ಮೊದಲು ಅಪ್ಪಂದು. ಈಗ ಅಮ್ಮಂದು. ನಿದ್ದೆ ಬರದೇ ಇರ್ಲಿ ಅಂತ ಮಾವನ ಮಗಳು ಅಮ್ಮನ ಫೋನಿಗೆ ಆ ಆ್ಯಪ್ ಹಾಕಿಕೊಟ್ಟು ಹೋದಳು. ಹೆಸರು ಬೇಡ, ಮುಂದೆ ಅದರ ಮೇಲೆ ಒಂದೆರಡು ದೂರು ಬರೋದಿದೆ. ಅಮ್ಮನ ಮೊದಲ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಅದರಲ್ಲಿ ಹಾಡಿಗಿಂತ ಸೌದೆ ಚಟಪಟ ಅನ್ನೋದೇ ಜಾಸ್ತಿ ಕೇಳುತ್ತೆ. ಮಧ್ಯದಲ್ಲಿ ನಾಯಿಗೆ 'ಥೂ, ಆ ಕಡೆ ಹೋಗ್' ಅಂದಿದ್ದೂ ಇದೆ. ಅದಕ್ಕೂ ಯಾರೋ ಮೂರು ಜನ ಚಪ್ಪಾಳೆ ಒತ್ತಿದ್ದರು.

ಇಂಥ ಆ್ಯಪ್‌ಗಳ ಜೀವಾಳ ಯುಗಳ ಗೀತೆ. ಒಬ್ಬರು ತಮ್ಮ ಭಾಗ ಹಾಡಿ, ಇನ್ನೊಬ್ಬರ ಭಾಗ ಖಾಲಿ ಬಿಟ್ಟು ಹಾಕ್ತಾರೆ. ಎಲ್ಲೋ ಇರೋ ಇನ್ನೊಬ್ಬರು ಅದನ್ನ ಹುಡುಕಿಕೊಂಡು ಖಾಲಿ ಜಾಗ ತುಂಬುತ್ತಾರೆ. ಕೇಳೋರಿಗೆ ಇಬ್ಬರೂ ಎದುರುಬದುರು ನಿಂತು ಹಾಡಿದ ಹಾಗಿರುತ್ತೆ. ಯಾಕೆ ಹೀಗೆ, ನೇರವಾಗಿ ಒಟ್ಟಿಗೇ ಹಾಡಬಹುದಲ್ಲ ಅಂತ ಅಮ್ಮ ಒಮ್ಮೆ ಕೇಳಿದರು. ಕೆಲಸದಲ್ಲಿ ನನಗೆ ಇಂಥ ಪ್ರಶ್ನೆ ಯಾರೂ ಕೇಳಲ್ಲ, ಹಾಗಾಗಿ ಉತ್ಸಾಹದಿಂದ ಉತ್ತರ ಕೊಟ್ಟೆ. ಇಬ್ಬರು ಒಂದೇ ತಾಳದಲ್ಲಿ ಹಾಡಬೇಕಾದರೆ ಒಬ್ಬರ ದನಿ ಇನ್ನೊಬ್ಬರಿಗೆ ಸುಮಾರು 25–30 ಮಿಲಿಸೆಕೆಂಡಿನೊಳಗೆ ತಲುಪಬೇಕು. ಅದಕ್ಕಿಂತ ತಡವಾದರೆ ಇವರಿಗಾಗಿ ಅವರು ಕಾಯ್ತಾರೆ, ಅವರಿಗಾಗಿ ಇವರು ಕಾಯ್ತಾರೆ, ಹಾಡು ಎತ್ತಿನಗಾಡಿ ಆಗುತ್ತೆ. ನಮ್ಮೂರಿನ ಮೊಬೈಲ್ ಸಿಗ್ನಲ್ಲಿನಲ್ಲಿ ಅಷ್ಟು ಬೇಗ ದನಿ ಹೋಗಿಬರೋದು ಕನಸು. ಅದಕ್ಕೇ ಒಬ್ಬರಾದ ಮೇಲೆ ಒಬ್ಬರು.

ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ ಹೇಳಿದ್ದು: "ಓ, ಅದಕ್ಕೇ ಈ ಗುಂಡಿ ಕಿವೀಲಿ ಇಟ್ಕಂಡ್ರೆ ನಾನು ಹಿಂದಕ್ಕೆ ಬೀಳ್ತೀನಿ." ಗುಂಡಿ ಅಂದ್ರೆ ಮಾವನ ಮಗಳು ಕೊಟ್ಟಿದ್ದ ಬ್ಲೂಟೂತ್ ಇಯರ್‌ಬಡ್ಸ್. ಬ್ಲೂಟೂತ್‌ನಲ್ಲಿ ದನಿ ಕಿವಿಗೆ ಬರೋದು ನೂರಿನ್ನೂರು ಮಿಲಿಸೆಕೆಂಡ್ ತಡ. ಅದನ್ನ ಅಮ್ಮ ಯಾವ ಮೀಟರೂ ಇಲ್ಲದೆ ಕಿವಿಯಲ್ಲೇ ಹಿಡಿದಿದ್ದರು. ಮಾರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಿಂದ 150 ರೂಪಾಯಿಯ ವೈರ್ ಇಯರ್‌ಫೋನ್ ತಂದುಕೊಂಡರು. ನಮ್ಮ ಟೀಮಿನಲ್ಲಿ ಇಷ್ಟು ಬೇಗ ಬಗ್ ಹಿಡಿಯೋರು ಇಬ್ಬರೋ ಮೂವರೋ ಇದ್ದಾರೆ.

ಆಮೇಲೆ ನಾನೂ ಈ ಕರೋಕೆ ಕಥೆಯನ್ನ ಸ್ವಲ್ಪ ಓದಿದೆ. ಜಪಾನಿನ ಕೋಬೆ ನಗರದಲ್ಲಿ ದೈಸುಕೆ ಇನೋಉಎ ಅನ್ನೋರು ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸಿ ಹೊಟ್ಟೆ ಹೊರೀತಿದ್ದರು. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಗೆ ಬಾ ಅಂದಾಗ ಹೋಗೋಕೆ ಆಗದೆ, ತಮ್ಮ ವಾದನವನ್ನ ಟೇಪಿಗೆ ಹಾಕಿ ಕೊಟ್ಟರು. 1971ರಲ್ಲಿ ಅದನ್ನೇ ನಾಣ್ಯ ಹಾಕೋ ಪೆಟ್ಟಿಗೆ ಮಾಡಿ ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲಿಲ್ಲ, ಲೋಕವೆಲ್ಲ ಅದರಿಂದ ದುಡ್ಡು ಮಾಡಿತು. (ಇಂಥ ಪೆಟ್ಟಿಗೆಯನ್ನ 1967ರಲ್ಲೇ ಶಿಗೆಯಿಚಿ ನೆಗಿಶಿ ಅನ್ನೋರು ಮಾಡಿದ್ದರು ಅನ್ನೋದೂ ಉಂಟು.) ಇನೋಉಎಗೆ 2004ರಲ್ಲಿ ಸಿಕ್ಕಿದ್ದು ಇಗ್ ನೊಬೆಲ್, ಅಂದರೆ ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಪ್ರಶಸ್ತಿ. ಅದೂ ಶಾಂತಿ ವಿಭಾಗದಲ್ಲಿ! ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳೋದಕ್ಕೆ ಹೊಸ ದಾರಿ ತೋರಿಸಿದರು ಅಂತ. ತಮಾಷೆಗೆ ಕೊಟ್ಟಿದ್ದೇ ಇರಬಹುದು, ನನಗೆ ಮಾತ್ರ ಅದು ನಿಜ ಅನಿಸಿತು.

ಫೋನಿಗೆ ಇದನ್ನ ತಂದವರಲ್ಲಿ ದೊಡ್ಡ ಹೆಸರು ಸ್ಮ್ಯೂಲ್. ಅಮ್ಮ ಬಳಸೋದು ಅದಲ್ಲ, ಆದರೆ ದಾರಿ ಹಾಕಿದ್ದರಲ್ಲಿ ಅದೂ ಒಂದು. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಗೀತದ ಮೇಷ್ಟ್ರು ಗೇ ವಾಂಗ್ ಮತ್ತು ಜೆಫ್ ಸ್ಮಿತ್ ಶುರು ಮಾಡಿದ್ದು. ಆ ವರ್ಷವೇ ಅವರು ಬಿಟ್ಟ 'ಒಕರಿನಾ' ಆ್ಯಪ್ ನನಗೆ ತುಂಬ ಇಷ್ಟವಾದ ಕಲ್ಪನೆ. ಐಫೋನಿನ ಮೈಕಿಗೆ ಊದಿ, ಪರದೆ ಮೇಲಿನ ನಾಲ್ಕು ತೂತು ಮುಚ್ಚಿ ತೆಗೆದರೆ ಕೊಳಲಿನ ಹಾಗೆ ನುಡಿಯುತ್ತೆ. ಅದರ ಇನ್ನೊಂದು ಪುಟದಲ್ಲಿ ಭೂಗೋಳ. ಎಲ್ಲೆಲ್ಲಿ ಯಾರು ಊದ್ತಿದ್ದಾರೋ ಅಲ್ಲೆಲ್ಲ ಬೆಳಕಿನ ಚುಕ್ಕಿ, ಅವರು ನುಡಿಸಿದ್ದನ್ನ ನಾವು ಕೇಳಬಹುದು. ಹೆಸರಿಲ್ಲ, ಮುಖವಿಲ್ಲ, ಮಾತಿಲ್ಲ. ನಡುರಾತ್ರಿ ಬ್ಯಾರನ್ ಮುಂದೆ ಕೂತಿರೋ ಹೆಂಗಸಿಗೆ ಬೇಕಾಗಿದ್ದು ಹೆಚ್ಚೂ ಕಡಿಮೆ ಇದೇ. ಇನ್ನೂ ಯಾರೋ ಎದ್ದಿದ್ದಾರೆ ಅಂತ ಗೊತ್ತಾಗೋದು.

ನಮ್ಮ ಮನೇಲಿ ಸಂಗೀತ ಕಲಿತವರು ಯಾರೂ ಇಲ್ಲ. ಆದರೆ ನಮ್ಮ ತಾಲ್ಲೂಕು ಸಂಗೀತಕ್ಕೆ ಹೆಸರುವಾಸಿ. ಕಾವೇರಿ ದಂಡೆಯ ರುದ್ರಪಟ್ಟಣ ನಮ್ಮೂರಿಗೆ ಹತ್ತಿರ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, 1920ರಲ್ಲಿ. ರುದ್ರಪಟ್ಟಣಂ ಸಹೋದರರು ಅಂತ ಹಾಡೋ ತ್ಯಾಗರಾಜನ್–ತಾರಾನಾಥನ್ ಅವರದೂ ಅದೇ ಮೂಲ. ವಿದ್ವಾನ್ ಆರ್.ಕೆ. ಪದ್ಮನಾಭ ಅಲ್ಲಿ ತಂಬೂರಿ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ, ಸಪ್ತಸ್ವರ ದೇವತಾ ಧ್ಯಾನ ಮಂದಿರ. ಚಿಕ್ಕವನಿದ್ದಾಗ ನಮ್ಮ ಮನೇಲಿ ಸಂಗೀತ ಅಂದರೆ ಅದು ರುದ್ರಪಟ್ಟಣದವರ ಬಾಬ್ತು, ನಮ್ಮದು ಸೊಪ್ಪು ಕಟ್ಟೋ ಬಾಬ್ತು ಅನ್ನೋ ಹಾಗಿತ್ತು. ಯಾರೂ ಬೇಡ ಅಂದಿರಲಿಲ್ಲ. ನಮ್ಮವರಿಗೆ ಕೇಳೋಕೇ ಹೊಳೆದಿರಲಿಲ್ಲ, ಅಷ್ಟೆ. ಹಾಗಂತ ಹಾಡಿರಲಿಲ್ವಾ? ಕಡ್ಡಿಗೆ ಸೊಪ್ಪು ಕಟ್ಟುವಾಗ ಹೆಂಗಸರು ಹಾಡ್ತಾನೇ ಇದ್ದರು. ಮದುವೆ ಮನೆ ಚಪ್ಪರದಲ್ಲಿ ಸೋಬಾನೆಗೆ ಸೊಲ್ಲೆತ್ತೋಳು ಅಂದರೆ ಅಮ್ಮನೇ. ಆದರೆ ಅದನ್ನ ಯಾರೂ ಸಂಗೀತ ಅಂತ ಕರೀತಿರಲಿಲ್ಲ, ಅಮ್ಮನೂ ಕರೀತಿರಲಿಲ್ಲ.

ಅಮ್ಮನ ಮೇಷ್ಟ್ರು ಮೈಸೂರು ಆಕಾಶವಾಣಿ. ಅದೂ ಒಂಥರಾ ಹವ್ಯಾಸದವರ ಸ್ಟಾರ್ಟಪ್ಪೇ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ 30 ವ್ಯಾಟಿನ ಒಂದು ಪುಟ್ಟ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಮೂವತ್ತು ವ್ಯಾಟ್ ಅಂದರೆ ಇವತ್ತಿನ ಫೋನ್ ಚಾರ್ಜರುಗಳಲ್ಲೇ ಅಷ್ಟಿರುತ್ತೆ. ಆಮೇಲೆ ಅದು ಸರ್ಕಾರದ ಕೈಗೆ ಹೋಯ್ತು, ಇಡೀ ದೇಶದ ರೇಡಿಯೋಗೆ ಅದರ ಹೆಸರೇ ನಿಂತಿತು. ಆ ಮೈಸೂರು ಕೇಂದ್ರದ ಕೋರಿಕೆ ಕಾರ್ಯಕ್ರಮಕ್ಕೆ ಅಮ್ಮ ಮದುವೆಗೆ ಮುಂಚೆ ಒಂದು ಕಾರ್ಡು ಹಾಕಿದ್ದರಂತೆ. ಹೆಸರು ಓದಿದರು. ತಾತ ಎರಡು ದಿನ ಮಾತು ಬಿಟ್ಟರು. "ಮನೆ ಹೆಣ್ಮಗೀನ ಹೆಸರು ಊರೂರಿಗೆಲ್ಲ ಕೇಳಂಗೆ ಮಾಡ್ಬುಟ್ಟೆ" ಅಂತ. ಹಾಡು ಯಾವುದು ಅಂತ ಕೇಳಿದರೆ ಅಮ್ಮ ಇನ್ನೂ ಹೇಳಲ್ಲ.

ಈ ವಿಷಯ ಯಾಕೆ ನೆನಪಾಯ್ತು ಅಂದರೆ, ಹೋದ ವರ್ಷ ಮತ್ತೆ ಅದೇ ನಡೀತು.

ಅಮ್ಮನ ಒಂದು ಯುಗಳ ಗೀತೆ ವಿಡಿಯೋ ಹೇಗೋ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಬಂತು. ಪಿ.ಬಿ. ಶ್ರೀನಿವಾಸ್–ಎಸ್. ಜಾನಕಿ ಹಾಡಿದ, ರಾಜ್‌ಕುಮಾರ್ ಸಿನಿಮಾದ ಹಳೇ ಹಾಡು. ಪರದೆಯ ಎಡಗಡೆ ಅಮ್ಮ, ತಲೆ ಮೇಲೆ ಟವೆಲ್, ಹಿಂದೆ ಬ್ಯಾರನ್ ಗೋಡೆ. ಬಲಗಡೆ ದಪ್ಪ ಮೀಸೆಯ ಒಬ್ಬರು, ಮಸ್ಕತ್‌ನಲ್ಲಿ ಡ್ರೈವರ್ ಅಂತೆ, ಗಾಡಿಯಲ್ಲೇ ಕೂತು ಹಾಡಿದ್ದಾರೆ. ಹಾಡು ಪ್ರೇಮದ್ದು. ಗ್ರೂಪಿನಲ್ಲಿ ಮೊದಲು ಎರಡು ಹೂವು, ಒಂದು ಕೈಮುಗಿಯೋ ಚಿತ್ರ, ಆಮೇಲೆ ಯಾರೂ ಏನೂ ಬರೆಯಲಿಲ್ಲ. ವಾಟ್ಸಾಪ್ ಗ್ರೂಪು ಸುಮ್ಮನಾದರೆ ಅದರ ಅರ್ಥ ಎಲ್ಲರಿಗೂ ಗೊತ್ತು.

ಸಂಜೆ ದೊಡ್ಡಪ್ಪನ ಫೋನ್ ಬಂತು, ಅಮ್ಮನಿಗಲ್ಲ, ನನಗೆ. "ಲೋ, ಏನ್ಲಾ ಇದು? ನಿಮ್ಮಪ್ಪ ಹೋಗಿ ಎಷ್ಟು ದಿನ ಆಯ್ತು? ಯಾವೋನೋ ಜೊತೇಲಿ ಹಿಂಗೆಲ್ಲ ಹಾಡ್ಕಂಡು... ಮನೆ ಗಂಡ್ಸು ಅಂತ ಇರೋನು ನೀನು. ಒಂದ್ ಮಾತು ಹೇಳು ನಿಮ್ಮಮ್ಮಂಗೆ."

ದೊಡ್ಡಪ್ಪ ಕೆಟ್ಟವರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಹೊರಗಿನ ಬೆಂಚಿನ ಮೇಲೆ ಮಲಗಿದ್ದವರು. ನಮ್ಮ ಬ್ಯಾರನ್ ಇರೋದು ಅವರ ಹೊಲದ ಅಂಚಿನಲ್ಲಿ. ಸೌದೆ ಬರೋದು ಅವರ ಟ್ರ್ಯಾಕ್ಟರಿನಲ್ಲಿ, ಬೇಲು ಮಾರುಕಟ್ಟೆಗೆ ಹೋಗೋದೂ ಅದರಲ್ಲೇ. ಬೆಂಗಳೂರಿನಲ್ಲಿ ಕೂತು 'ಅವರಿಗೇನು ಹಕ್ಕು' ಅಂತ ಅನ್ನೋದು ನನಗೆ ಸುಲಭ. ಅವರು ಮುನಿಸಿಕೊಂಡರೆ ಅಮ್ಮನ ಬೆಳೆ ನಿಲ್ಲುತ್ತೆ.

"ದೊಡ್ಡಪ್ಪ, ಅವರಿಬ್ಬರೂ ಒಟ್ಟಿಗೆ ಹಾಡೇ ಇಲ್ಲ. ಅಮ್ಮ ಆಗಸ್ಟಲ್ಲಿ ಹಾಡಿದ್ದು, ಅವರು ಸೆಪ್ಟೆಂಬರಲ್ಲಿ ಸೇರಿಸಿದ್ದು. ಇಬ್ಬರ ಮಧ್ಯೆ ಮಾತೂ ಆಗಿಲ್ಲ" ಅಂತ ನಾನು ಸರ್ವರ್, ಕ್ಲೌಡ್ ಎಲ್ಲ ಸೇರಿಸಿ ವಿವರಿಸಿದೆ.

"ಅದೆಲ್ಲ ಜನಕ್ಕೆ ಗೊತ್ತಾಗುತ್ತೇನ್ಲಾ?" ಅಂದರು ದೊಡ್ಡಪ್ಪ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಶನಿವಾರ ಊರಿಗೆ ಹೋದೆ. ಅಮ್ಮನಿಗೆ ವಿಷಯ ಆಗಲೇ ಗೊತ್ತಿತ್ತು. ದೊಡ್ಡಮ್ಮ ಹಿತ್ತಿಲಿನಿಂದ ಬಂದು ಹೇಳಿ ಹೋಗಿದ್ದರಂತೆ. ನಾನು ಬಾಯಿ ತೆಗೆಯೋ ಮುಂಚೆಯೇ ಶುರು ಮಾಡಿದರು: "ಆವಪ್ಪ ನನ್ನ ಅಕ್ಕ ಅಂತಾನೆ. ಹಾಡು ಅಂಥದ್ದು, ನಾನೇನ್ ಮಾಡ್ಲಿ? ಸಿನಿಮಾದಲ್ಲಿ ಹಾಡಿದೋರು ಏನ್ ಗಂಡ ಹೆಂಡ್ತಿನಾ?"

ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಪರವಾಗಿ ಇದಕ್ಕಿಂತ ಒಳ್ಳೆ ವಾದ ನಾನಂತೂ ಕೇಳಿಲ್ಲ.

ಊಟ ಆದ ಮೇಲೆ ಅಮ್ಮ ಫೋನ್ ಕೊಟ್ಟು, "ಇದ್ರಲ್ಲಿ ಮುಖ ಕಾಣ್ದಂಗೆ ಮಾಡ್ಕೊಡು" ಅಂದರು. ನನಗೆ ಸಿಟ್ಟು ಬಂತು. ಯಾಕಮ್ಮ, ನೀನ್ಯಾಕೆ ಮುಖ ಮುಚ್ಕೋಬೇಕು ಅಂದೆ. ಅಮ್ಮನಿಗೆ ನನ್ನ ಸಿಟ್ಟಿನಲ್ಲಿ ಆಸಕ್ತಿ ಇರಲಿಲ್ಲ. "ರೇಡಿಯೋಲಿ ಮುಖ ಇತ್ತಾ? ಮುಖ ಬೇಕಾದ್ರೆ ನಿಮ್ ದೊಡ್ಡಪ್ಪ ದಿನಾ ನೋಡ್ತಾರೆ. ನಂಗೆ ಹಾಡು ಬೇಕು, ಬ್ಯಾರನ್ನೂ ಬೇಕು." ವಿಡಿಯೋ ತೆಗೆದು ಬರೀ ದನಿ ಇಟ್ಟೆವು. ಪ್ರೊಫೈಲಿಗೆ ವಹ್ನಿ ಪುಷ್ಕರಣಿಯ ಮೀನಿನ ಫೋಟೋ ಹಾಕಿದೆವು. ಫಾಲೋಯರ್ಸ್ ಕಡಿಮೆ ಆಗ್ತಾರೆ ಅಂತ ನಾನು ಅಂದುಕೊಂಡಿದ್ದೆ, ಒಬ್ಬರೂ ಹೋಗಲಿಲ್ಲ. ಆ ಮುಖ ಪರದೆ ಮೇಲೆ ಇರಬೇಕಿತ್ತು ಅಂತಲೇ ನಾನು ಈಗಲೂ ಅನ್ನೋದು. ಅಮ್ಮ ಒಪ್ಪಲ್ಲ.

ನನ್ನ ಕೆಲಸದ ಬಗ್ಗೆ ಒಂದು ಮಾತು. ಬೇರೊಂದು ಕಂಪನಿಯಲ್ಲಿ, ಬೇರೊಂದು ಥರದ ಆ್ಯಪಿಗೆ, ನೋಟಿಫಿಕೇಶನ್ ಕಳಿಸೋ ವ್ಯವಸ್ಥೆ ನೋಡಿಕೊಳ್ಳೋ ಟೀಮು ನಮ್ಮದು. ಹಾಗಾಗಿ ಅಮ್ಮನ ಫೋನಿನಲ್ಲಿ ಬರೋದನ್ನೆಲ್ಲ ನಾನು ಅಡುಗೆಯವನು ಇನ್ನೊಬ್ಬರ ಮನೆ ಸಾರು ನೆಕ್ಕಿ ನೋಡೋ ಹಾಗೆ ನೋಡ್ತೀನಿ. 'ಏಳು ದಿನದಿಂದ ಹಾಡ್ತಿದ್ದೀರಿ, ಇವತ್ತು ಬಿಡಬೇಡಿ.' ಇದು ಎಲ್ಲ ಕಡೆ ಇರೋದೇ. 'ನಿಮ್ಮ ಹಾಡು ಮುಂದಕ್ಕೆ ಬರಬೇಕಾ, ವಾರಕ್ಕೆ ಇಷ್ಟು ಕೊಡಿ.' ಇದೂ ಹಳೇದು. ಒಂದು ಸಲ ಅಮ್ಮನಿಗೆ ಗೊತ್ತಾಗದೆ ವಾರದ ಚಂದಾ ಎರಡು ಸಲ ಕಟ್ ಆಗಿತ್ತು. ಅದನ್ನ ನಿಲ್ಲಿಸೋ ಬಟನ್ನು ಐದು ಪುಟ ಒಳಗೆ ಇಟ್ಟಿದ್ದರು. ಅಷ್ಟು ಒಳಗೆ ಅದು ತಾನಾಗಿ ಹೋಗಿ ಕೂರಲ್ಲ, ಯಾರೋ ಮೀಟಿಂಗ್ ಮಾಡಿ ಇಟ್ಟಿರ್ತಾರೆ. ಏಳು ದಿನದ ಸರಪಳಿಗೆ ಅಮ್ಮ ಮಾತ್ರ ಬಗ್ಗಲ್ಲ. ಬ್ಯಾರನ್ ಇಲ್ಲದ ತಿಂಗಳಲ್ಲಿ ಒಂಬತ್ತು ಗಂಟೆಗೆ ಮಲಗಿಬಿಡ್ತಾರೆ. "ಅದ್ಕೇನಂತೆ, ಕೂಗ್ಕಳ್ಲಿ ಬುಡು" ಅಂತಾರೆ.

ದೊಡ್ಡ ಹೊಡೆತ ಬಂದಿದ್ದು ಬೇರೆ ಕಡೆಯಿಂದ. ಒಂದು ದಿನ ಅಮ್ಮ ಫೋನ್ ಮಾಡಿ, "ನನ್ ಹಾಡೆಲ್ಲ ಮೂಗಾಗವೆ ಕಣಪ್ಪ" ಅಂದರು. ಇಂಥ ಆ್ಯಪ್‌ಗಳಲ್ಲಿ ಹಿನ್ನೆಲೆ ವಾದ್ಯದ ಟ್ರ್ಯಾಕ್‌ಗಳನ್ನ ಎಷ್ಟೋ ಸಲ ಬಳಸೋ ಜನರೇ ತಯಾರಿಸಿ ಹಾಕಿರ್ತಾರೆ. ಹಾಡಿನ ಹಕ್ಕು ಇರೋದು ಆಡಿಯೋ ಕಂಪನಿ ಹತ್ತಿರ. ಲೈಸೆನ್ಸ್ ಒಪ್ಪಂದ ಇರೋವರೆಗೆ ಸರಿ. ಮುಗಿದರೆ, ಇಲ್ಲವೇ ಯಾರಾದರೂ ದೂರು ಕೊಟ್ಟರೆ, ಟ್ರ್ಯಾಕ್ ತೆಗೀತಾರೆ, ಅದರ ಮೇಲೆ ಹಾಡಿದವರ ದನಿಯೂ ಜೊತೆಗೇ ಹೋಗುತ್ತೆ. ಹಕ್ಕಿನವರದೂ ತಪ್ಪು ಅನ್ನೋಕಾಗಲ್ಲ. ಆದರೆ ಅಮ್ಮನ ಲೆಕ್ಕದಲ್ಲಿ 43 ಹಾಡು ಹೋಗಿದ್ದವು. ಮಸ್ಕತ್ತಿನವರ ಜೊತೆಗಿನದೂ ಅದರಲ್ಲಿತ್ತು. ದೊಡ್ಡಪ್ಪ ಅಂದುಕೊಂಡಿದ್ದು ಹಾಗೂ ನಡೆದೇಹೋಯ್ತು ಅಂತ ಅಮ್ಮ ನಕ್ಕರು. ನಕ್ಕರು, ಆದರೆ ಆ ವಾರ ಹಾಡಲಿಲ್ಲ.

ಹೀಗಾಗೋದು ಹೊಸದೇನಲ್ಲ. ಮೈಸ್ಪೇಸ್ ಅಂತ ಒಂದಿತ್ತು, ಒಂದು ಕಾಲಕ್ಕೆ ಹೊಸ ಬ್ಯಾಂಡಿನ ಹುಡುಗರೆಲ್ಲ ಹಾಡು ಹಾಕ್ತಿದ್ದ ಜಾಗ. ಸರ್ವರ್ ಬದಲಿಸುವಾಗ 2003ರಿಂದ 2015ರವರೆಗಿನದೆಲ್ಲ ಅಳಿಸಿಹೋಗಿದೆ ಅಂತ 2019ರಲ್ಲಿ ಹೇಳಿತು. ಸುಮಾರು 1.4 ಕೋಟಿ ಕಲಾವಿದರ 5 ಕೋಟಿಗೂ ಹೆಚ್ಚು ಹಾಡು ಅಂತ ಲೆಕ್ಕ. ನಮ್ಮಲ್ಲಿ 2020ರ ಜೂನ್ 29ರ ರಾತ್ರಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ಸರ್ಕಾರ ನಿಷೇಧ ಹಾಕಿತು. ಕಾರಣ ಸರಿಯೋ ತಪ್ಪೋ ಬೇರೆ ಮಾತು, ಹಳ್ಳಿ ಹಳ್ಳಿಯ ಎಷ್ಟೋ ಜನರ ಕುಣಿತ, ಹಾಡು, ಹಾಸ್ಯ ಒಂದೇ ರಾತ್ರಿಗೆ ಕೈತಪ್ಪಿತು. ನಮ್ಮೂರ ಟೈಲರ್ ಒಬ್ಬರು ಅದರಲ್ಲಿ ರವಿಕೆ ಕಟಿಂಗ್ ಹೇಳಿಕೊಡ್ತಿದ್ದರು. ಈಗ ಕೇಳಿದರೆ "ಹೋಯ್ತು ಬಿಡಿ ಸಾರ್" ಅಂತಾರೆ, ಮಳೆಗೆ ಹೋದ ಬೆಳೆ ಬಗ್ಗೆ ಹೇಳೋ ಹಾಗೆ.

ಎಲ್ಲವೂ ಹೀಗೇ ಅಂತಲ್ಲ. ನಮ್ಮ ಟೀಮಿನಲ್ಲೊಬ್ಬಳು ಭಾನುವಾರ ಬೆಳಗ್ಗೆ ಹೆಸರಘಟ್ಟಕ್ಕೆ ಹೋಗಿ ಹಕ್ಕಿ ಎಣಿಸಿ ಇಬರ್ಡ್‌ಗೆ ಹಾಕ್ತಾಳೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯವರು 2002ರಲ್ಲಿ ಶುರು ಮಾಡಿದ್ದು ಅದು. ತನ್ನ ಅಷ್ಟೂ ವರ್ಷದ ಪಟ್ಟಿಯನ್ನ ಅವಳು ಒಂದು ಕ್ಲಿಕ್ಕಿನಲ್ಲಿ ಇಳಿಸಿಕೊಳ್ಳಬಹುದು. ಉಲ್ಲನ್ ಹೆಣೆಯೋರಿಗೆ ರಾವೆಲ್ರಿ ಅಂತ ಒಂದಿದೆ, 2007ರಲ್ಲಿ ಒಬ್ಬ ದಂಪತಿ ಶುರು ಮಾಡಿದ್ದು. ಒಬ್ಬರಿಗೆ ಹೆಣಿಗೆ ಹುಚ್ಚು, ಇನ್ನೊಬ್ಬರಿಗೆ ಪ್ರೋಗ್ರಾಮಿಂಗ್. ಲಕ್ಷಗಟ್ಟಲೆ ಜನ ಸೇರಿದರೂ ಅದು ಹೆಣಿಗೆ ಬಿಟ್ಟು ಬೇರೆ ಕಡೆ ತಲೆ ಹಾಕಿಲ್ಲ. ಬೆಂಗಳೂರಿನಲ್ಲೇ, 1979ರಲ್ಲಿ, ಕೊಳಲು ನುಡಿಸೋ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದರು. ಅವರ ರಾಡೆಲ್ ಪೆಟ್ಟಿಗೆ ಸಂಗೀತ ಕಲಿಯೋ ಎಷ್ಟೋ ಮನೆಗಳಲ್ಲಿದೆ. ಅದು ಶ್ರುತಿ ಕೊಡುತ್ತೆ, ಸುಮ್ಮನಿರುತ್ತೆ. ನಾಳೆ ಬಾ ಅಂತ ಕರೆಯಲ್ಲ. ಅತ್ತೆ ಮಗಳು ಪ್ರತಿಲಿಪಿಯಲ್ಲಿ ಧಾರಾವಾಹಿ ಬರೀತಾಳೆ, ಅದೂ 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದೇ. ಅವಳಿಗೆ ನಾನು ಹೇಳಿದ್ದು ಒಂದೇ, ಅಧ್ಯಾಯ ಮೊದಲು ನಿನ್ನ ಫೋನಿನಲ್ಲಿ ಇರ್ಲಿ, ಆಮೇಲೆ ಎಲ್ಲಿ ಬೇಕಾದರೂ ಹಾಕು ಅಂತ.

ಅಮ್ಮನ ಉಳಿದ ಹಾಡುಗಳನ್ನ ಒಂದೊಂದಾಗಿ ಇಳಿಸಿಕೊಳ್ಳೋದಕ್ಕೆ ನನಗೆ ಪೂರ್ತಿ ಎರಡು ದಿನ ಹಿಡೀತು. 219 ಹಾಡು, ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಕೆಲವು ಪೂರ್ತಿ, ಬಹಳಷ್ಟು ಅರ್ಧ, ಯಾರೂ ಬಂದು ಸೇರದೇ ಇದ್ದವು. ಅವನ್ನ ಹಾಗೇ ಕೇಳೋದು ವಿಚಿತ್ರ. ಅಮ್ಮ ಒಂದು ಸಾಲು ಹಾಡ್ತಾರೆ, ಆಮೇಲೆ ವಾದ್ಯ ಮಾತ್ರ, ಒಲೆ ಸದ್ದು, ಒಂದು ಉಸಿರು, ಮತ್ತೆ ಅವರ ಸಾಲು. "ಯಾರು ಕೇಳ್ತಾರೆ ಅಂತ ಅಷ್ಟು ಕಷ್ಟಪಡ್ತೀಯ?" ಅಂದರು. ನಾನೇ ಕೇಳ್ತೀನಮ್ಮ ಅಂದೆ. ಆಫೀಸ್ ಬಸ್ಸಿನಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಕೇಳ್ತಾನೂ ಇದ್ದೀನಿ.

ಸಿನಿಮಾ ಹಾಡು ಹೋದ ಮೇಲೆ ಅಮ್ಮ ಒಂದು ಕೆಲಸ ಮಾಡಿದರು. ಆ್ಯಪಿನಲ್ಲಿ ಟ್ರ್ಯಾಕ್ ಇಲ್ಲದೆ ಬರೀ ಬಾಯಲ್ಲಿ ಹಾಡಿ ಹಾಕೋ ಜಾಗ ಇದೆ. ಅದರಲ್ಲಿ ಒಂದು ಸೋಬಾನೆ ಪದ ಹಾಕಿದರು. "ಇದ್ಕೆ ಯಾವ ಕಂಪನಿಯೋನೂ ಬರಲ್ಲ ತಾನೆ?" ಅಂತ ನನ್ನ ಹತ್ತಿರ ಖಚಿತ ಮಾಡಿಕೊಂಡೇ. ಸೋಬಾನೆಯಲ್ಲಿ ಒಬ್ಬರು ಸೊಲ್ಲೆತ್ತಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಅಮ್ಮ ತಮ್ಮ ಸಾಲು ಹೇಳಿ, ಹಿಂದೆ ಹೇಳೋರಿಗೆ ಅಂತ ಅಷ್ಟೇ ಹೊತ್ತು ಸುಮ್ಮನಿದ್ದು, ಮುಂದಿನ ಸಾಲು ಹಿಡಿದಿದ್ದರು. ಇದು ಯುಗಳ ಗೀತೆಯಷ್ಟೇ ಚೆನ್ನಾಗಿ ಕೂತುಕೊಂಡಿತು! ಸ್ಯಾನ್ ಫ್ರಾನ್ಸಿಸ್ಕೋದವರು ಇದಕ್ಕಂತ ಮಾಡಿರಲಿಕ್ಕಿಲ್ಲ. ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ ಕೊಳ್ಳೇಗಾಲದ ಒಬ್ಬರು ಹೆಂಗಸು ಹಿಂದೆ ಹೇಳಿದರು. ಆಮೇಲೆ ಶಿವಮೊಗ್ಗ ಕಡೆಯ ಒಬ್ಬರು. ಅವರು ಹೇಳೋದರ ಜೊತೆಗೆ, ನಿಮ್ಮ ಮೂರನೇ ಸೊಲ್ಲು ತಪ್ಪು, ನಮ್ಮ ಕಡೆ ಹೀಗೆ ಅಂತ ಬೇರೆಯದೇ ಸಾಲು ಹಾಡಿ ಹಾಕಿದರು. ಅಮ್ಮನಿಗೆ ರೇಗಿತು. "ನಮ್ಮವ್ವ ಹೇಳ್ಕೊಟ್ಟಿದ್ದು ತಪ್ಪಂತೆ!" ಎರಡು ವಾರ ಇಬ್ಬರೂ ಕಾಮೆಂಟಿನಲ್ಲಿ ಜಗಳ, ಅದೂ ವಾಯ್ಸ್ ಟೈಪಿಂಗಿನಲ್ಲಿ. ಓದೋಕೆ ಬಲು ಮಜಾ ಇತ್ತು.

ಜಗಳದ ಮಧ್ಯೆ ಅಮ್ಮನಿಗೆ ಗೊತ್ತಾಗಿದ್ದು ಏನಂದರೆ, ಆ ಪದದ ಕೊನೇ ನಾಲ್ಕು ಸೊಲ್ಲು ತಮಗೆ ಪೂರ್ತಿ ನೆನಪಿಲ್ಲ. ನೆನಪಿರೋದು ಒಬ್ಬರಿಗೇ, ದೊಡ್ಡಮ್ಮನಿಗೆ. ದೊಡ್ಡಮ್ಮನಿಗೆ ಮಂಡಿ ನೋವು ಬಂದ ಮೇಲೆ ಮದುವೆ ಮನೆಗೆ ಹೋಗೋದು ಕಡಿಮೆ, ಅವರ ಹತ್ತಿರ ಸ್ವಂತ ಫೋನೂ ಇಲ್ಲ. ಇರೋದು ದೊಡ್ಡಪ್ಪನ ಫೋನು.

ಅಮ್ಮ ಭಾವನ ನಂಬರಿಗೇ ಮಾಡಿದರಂತೆ. "ಭಾವ, ಒಸಿ ಅಕ್ಕಂಗೆ ಕೊಡಿ, ಒಂದ್ ಪದ ಕೇಳ್ಬೇಕಿತ್ತು" ಅಂತ. ಯಾತಕ್ಕೆ ಅಂತ ದೊಡ್ಡಪ್ಪ ಕೇಳಿದ್ದಕ್ಕೆ, "ಶಿವಮೊಗ್ಗದೋಳು ನಮ್ ಪದ ತಪ್ಪು ಅಂದವ್ಳೆ" ಅಂದಿದ್ದಾರೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವೋಳು ಅವ್ಳು?" ಅಂದರಂತೆ.

ನನಗೆ ವಾಟ್ಸಾಪಿನಲ್ಲಿ ಬಂದ ರೆಕಾರ್ಡಿಂಗಿನಲ್ಲಿ ದೊಡ್ಡಮ್ಮನ ದನಿ ಸಣ್ಣಗೆ, ಮೂಗಿನಲ್ಲಿ ಬಂದ ಹಾಗೆ ಇದೆ. ಎರಡನೇ ಸೊಲ್ಲಿನ ಹೊತ್ತಿಗೆ ಗಟ್ಟಿಯಾಗುತ್ತೆ. ಹಿನ್ನೆಲೆಯಲ್ಲಿ ಒಂದು ಗಂಡಸಿನ ದನಿ, "ಫೋನ್ ಹತ್ರ ಹಿಡ್ಕಂಡು ಹೇಳೇ, ಅವ್ಳಿಗೆ ಸರ್ಯಾಗಿ ಕೇಳ್ಲಿ" ಅನ್ನುತ್ತೆ. ಇನ್ನೂ ಎರಡು ಸೊಲ್ಲು ಬಾಕಿ ಇದೆಯಂತೆ, ಈ ಸಲದ ಬ್ಯಾರನ್ ಇಳಿಸಿದ ಮೇಲೆ ಹೇಳ್ತಾರಂತೆ.